ಗೋಡೆ ಒಸರುತ್ತಿದೆ, ಯಾವ ಬಣ್ಣ ಹೊಡೆಸಲಿ?

ಮನೆ ರಿಪೇರಿ ಕೆಲಸ ನನಗೆ ಸ್ವಲ್ಪ ಗೊತ್ತು ಅಂತ ತಿಳಿದವರು ಮೊಬೈಲ್ ತೆಗೆದು ಒಂದು ಫೋಟೊ ತೋರಿಸುತ್ತಾರೆ. ಹೆಚ್ಚುಕಡಿಮೆ ಒಂದೇ ಥರದ ಫೋಟೊ: ಗೋಡೆಯ ಬಣ್ಣ ಉಬ್ಬಿ ಹಕ್ಕಳೆ ಎದ್ದಿರುತ್ತದೆ, ಒಳಗಿನ ಪುಟ್ಟಿ ಪುಡಿಯಾಗಿ ನೆಲಕ್ಕೆ ಉದುರಿರುತ್ತದೆ. ಪ್ರಶ್ನೆಯೂ ಒಂದೇ: 'ಇದಕ್ಕೆ ಯಾವ ವಾಟರ್‌ಪ್ರೂಫ್ ಪೇಂಟ್ ಒಳ್ಳೇದು?'

ಸದ್ಯಕ್ಕೆ ಯಾವುದೂ ಬೇಡ. ಒಂದು ಪೆನ್ಸಿಲ್ ತಗೊಳ್ಳಿ. ಒದ್ದೆ ಕಲೆಯ ಅಂಚಿನ ಉದ್ದಕ್ಕೂ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಿರಿ. ಎರಡು ವಾರ ದಿನಾ ನೋಡಿ. ಕಲೆ ಗೆರೆ ದಾಟಿದರೆ ಹೊಸ ಗೆರೆ, ಹೊಸ ದಿನಾಂಕ. ಆ ದಿನ ಮಳೆ ಬಂದಿತ್ತಾ, ಗೋಡೆಯಾಚೆಯ ಬಾತ್‌ರೂಮು ಬಳಕೆಯಾಗಿತ್ತಾ, ಬಟ್ಟೆ ಒಗೆದಿದ್ದಿರಾ, ಇಷ್ಟನ್ನು ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ.

ಇದನ್ನು ನಾನು ಕಲಿತದ್ದು ಒಂದೇ ಗೋಡೆಗೆ ಎರಡು ಸಲ ಬಣ್ಣ ಬಳಿದ ಮೇಲೆ. ಮಳೆಗಾಲದಲ್ಲಿ ಕಾಣಿಸಿಕೊಂಡ ಕಲೆ, ಹಾಗಾಗಿ ಮಳೆ ನೀರೇ ಅಂದುಕೊಂಡೆ. ಹೊರಗೋಡೆಯ ಬಿರುಕು ಮುಚ್ಚಿ, ಒಳಗೆ ದಪ್ಪನೆಯ ಬಣ್ಣ ಕೊಟ್ಟೆ. ಕೆಲವೇ ತಿಂಗಳಲ್ಲಿ ಅದೇ ಜಾಗ ಮತ್ತೆ ಉಬ್ಬಿತು. ಮೂರನೇ ಸಲ ಗೆರೆ ಎಳೆದು ಕಾದೆ. ಒಂದು ಹನಿ ಮಳೆಯಿಲ್ಲದ ವಾರಗಳಲ್ಲೂ ಕಲೆ ಬೆಳೆಯುತ್ತಿತ್ತು, ಅದೂ ಬಟ್ಟೆ ಒಗೆದ ಮರುದಿನ. ವಾಷಿಂಗ್ ಮೆಷಿನ್ನಿನ ನೀರು ಹೊರಹೋಗುವ ಪೈಪಿನ ಒಂದು ಜಾಯಿಂಟ್ ಗೋಡೆಯೊಳಗೆ ಸಡಿಲವಾಗಿತ್ತು. ಕಲೆಗೂ ಆ ಜಾಯಿಂಟಿಗೂ ಎರಡು ಮೀಟರ್ ಅಂತರ! ನೀರು ಹೊರಟ ಕಡೆಯೇ ಕಾಣಿಸಿಕೊಳ್ಳುವುದಿಲ್ಲ. ಪೈಪಿನ ಮೈ ಹಿಡಿದು, ಗಾರೆಯ ಸಂದಿ ಹಿಡಿದು ಸಾಗಿ, ದಾರಿ ಸಿಕ್ಕ ಕಡೆ ಒಸರುತ್ತದೆ.

ಬಣ್ಣ ಯಾಕೆ ನಿಲ್ಲುವುದಿಲ್ಲ ಅಂದರೆ, ನೀರು ಬರುತ್ತಿರುವುದು ಬಣ್ಣದ ಬೆನ್ನ ಹಿಂದಿನಿಂದ. ಗೋಡೆಯೊಳಗಿನ ತೇವ ಆವಿಯಾಗಿ ಹೋಗಲು ಈಚೆಗೆ ಬರಲೇಬೇಕು. ಮೇಲೆ ಗಾಳಿಯಾಡದ ಪದರ ಕೂರಿಸಿದರೆ ಅದನ್ನೇ ದೂಡಿ ಗುಳ್ಳೆ ಎಬ್ಬಿಸುತ್ತದೆ, ಇಲ್ಲವೇ ಬಣ್ಣವಿಲ್ಲದ ಪಕ್ಕದ ಜಾಗ ಹುಡುಕಿಕೊಂಡು ಹೋಗುತ್ತದೆ.

ಚೀಟಿ ತುಂಬಿದ ಮೇಲೆ ಅರ್ಧ ಉತ್ತರ ಅದರಲ್ಲೇ ಇರುತ್ತದೆ. ಮಳೆ ಬಂದಾಗ ಮಾತ್ರ ಕಲೆ ಹಿಗ್ಗಿದರೆ ತಾರಸಿ, ಹೊರಗೋಡೆಯ ಬಿರುಕು, ಕಿಟಕಿಯ ಅಂಚು ನೋಡಬೇಕು. ತಾರಸಿಯ ನೀರು ಹರಿದುಹೋಗುವ ಬಾಯಿಯಲ್ಲಿ ಎಲೆ ಕಸ ಕಟ್ಟಿಕೊಂಡು ನೀರು ನಿಂತದ್ದೇ ಕಾರಣವಾಗಿರುವುದೂ ಉಂಟು. ಹಗಲು ರಾತ್ರಿ ಎನ್ನದೆ ಒಂದೇ ಸಮ ಒದ್ದೆಯಾಗಿದ್ದರೆ ನಲ್ಲಿಗೆ ನೀರು ತರುವ ಲೈನಿನ ಮೇಲೆ ಅನುಮಾನ, ಏಕೆಂದರೆ ಅದರಲ್ಲಿ ಸದಾ ಒತ್ತಡ ಇರುತ್ತದೆ. ಎಲ್ಲ ನಲ್ಲಿ ಮುಚ್ಚಿ, ಮೀಟರಿನ ಅಂಕಿ ಬರೆದುಕೊಂಡು, ಎರಡು ಗಂಟೆ ಯಾರೂ ನೀರು ಮುಟ್ಟದೆ ಮತ್ತೆ ನೋಡಿ. ಅಂಕಿ ಓಡಿದ್ದರೆ ಎಲ್ಲೋ ಸೋರುತ್ತಿದೆ. ಹಾಗಂತ ತಕ್ಷಣ ಗೋಡೆ ಒಡೆಸಬೇಡಿ, ಮೊದಲು ಫ್ಲಶ್ ಟ್ಯಾಂಕ್ ಪರೀಕ್ಷಿಸಿ: ಅದರ ನೀರಿಗೆ ಸ್ವಲ್ಪ ಬಣ್ಣ ಬೆರೆಸಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಟ್ಟರೆ, ಕಮೋಡಿನೊಳಗೆ ಬಣ್ಣ ಇಳಿದಿದೆಯೋ ಇಲ್ಲವೋ ತಿಳಿಯುತ್ತದೆ. ಇಳಿದಿದ್ದರೆ ಟ್ಯಾಂಕಿನ ಒಳಗಿನ ವಾಷರ್ ಸವೆದಿದೆ; ಮೀಟರ್ ಓಡಿದ್ದು ಅದರಿಂದಲೇ ಇರಬಹುದು.

ಸ್ನಾನವಾದ ಮೇಲಷ್ಟೇ ಹಿಗ್ಗುವ ಕಲೆಗೆ ನಾನು ಹೇಳುವ ಪರೀಕ್ಷೆ ಸ್ವಲ್ಪ ತಾಳ್ಮೆಯದು. ಬಾತ್‌ರೂಮಿನ ನೀರು ಹೋಗುವ ತೂತನ್ನು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಎರಡು ಮೂರು ಸೆಂಟಿಮೀಟರ್ ನೀರು ನಿಲ್ಲಿಸಿ, ಒಂದು ದಿನ ಬಿಡಿ. ಕೆಳಗೆ ಮನೆಯಿದ್ದರೆ ಅವರಿಗೆ ಮುಂಚೆಯೇ ಹೇಳಿ. ಕಲೆ ಒದ್ದೆಯಾದರೆ ನೆಲದ ಟೈಲ್ಸ್ ಸಂದಿಯೋ ಅದರಡಿಯ ವಾಟರ್‌ಪ್ರೂಫಿಂಗೋ ಹೋಗಿದೆ. ಆಗದಿದ್ದರೆ ನೀರು ಬಿಟ್ಟುಬಿಡಿ. ಅದು ಹರಿದುಹೋಗುವಾಗ ಕಲೆ ಕಾಣಿಸಿಕೊಂಡರೆ ತಪ್ಪು ಹೊರಹೋಗುವ ಪೈಪಿನದು. ಇಡೀ ಬಾತ್‌ರೂಮಿನ ಟೈಲ್ಸ್ ಕಿತ್ತುಹಾಕುವ ಮುಂಚೆ ಈ ಒಂದು ದಿನ ಕೊಡಿ ಅಂತ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಬೀರುವಿನ ಹಿಂದೆ, ಮೂಲೆಗಳಲ್ಲಿ ಕಪ್ಪು ಚುಕ್ಕೆಯ ಬೂಷ್ಟು ಬಂದಿದ್ದರೆ ಗೋಡೆ ಸೋರುತ್ತಿರಲಿಕ್ಕಿಲ್ಲ. ಕೋಣೆಯ ಗಾಳಿಯಲ್ಲಿರುವ ತೇವವೇ ತಣ್ಣನೆಯ ಗೋಡೆಗೆ ತಾಕಿ ನೀರಾಗುತ್ತದೆ. ಒಂದು ಅಲ್ಯೂಮಿನಿಯಂ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆಯಿರಿ. ಹಾಳೆಯ ಈಚೆ ಮುಖ ಒದ್ದೆಯಾಗಿದ್ದರೆ ಕೋಣೆಯ ತೇವ. ಗೋಡೆಗೆ ತಾಗಿದ ಮುಖ ಒದ್ದೆಯಾಗಿದ್ದರೆ ಗೋಡೆಯದು. ಕೋಣೆಯದಾದರೆ ಕಿಟಕಿ ತೆರೆಯುವುದು, ಬೀರುವನ್ನು ನಾಲ್ಕು ಬೆರಳು ಈಚೆಗೆ ಎಳೆಯುವುದು, ಒದ್ದೆ ಬಟ್ಟೆ ಒಳಗೆ ಒಣಗಿಸದಿರುವುದು, ಇವೇ ರಿಪೇರಿ.

ನೆಲದಿಂದ ಮೇಲಕ್ಕೆ ಸುಮಾರು ಒಂದು ಮೀಟರ್‌ವರೆಗೆ ಏರಿ, ತುದಿಯಲ್ಲಿ ಬಿಳಿ ಉಪ್ಪಿನ ಪಟ್ಟಿ ಬಿಟ್ಟ ತೇವ ನೆಲದಿಂದಲೇ ಹೀರಿಕೊಂಡದ್ದು ಇರಬಹುದು. ಗೋಡೆಗೆ ಒತ್ತಿ ಮಣ್ಣು ರಾಶಿ ಬಿದ್ದಿದ್ದರೆ ತೆಗೆಸಿ. ಅದಕ್ಕಿಂತ ಮುಂದಿನದು ಅನುಭವಸ್ಥರ ಕೆಲಸ.

ಎರಡು ಕಡೆ ಮಾತ್ರ ಪೆನ್ಸಿಲ್, ಚೀಟಿ ಎಲ್ಲ ಬದಿಗಿಡಿ. ಒದ್ದೆ ಸ್ವಿಚ್‌ಬೋರ್ಡ್ ತನಕ ಬಂದಿದ್ದರೆ ಆ ಬೋರ್ಡ್ ಮುಟ್ಟದೆ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಮೇನ್ ಹತ್ತಿರವೇ ಒದ್ದೆಯಾಗಿದ್ದರೆ ಅದನ್ನೂ ಮುಟ್ಟಬೇಡಿ. ಸೂರಿನ ಕಾಂಕ್ರೀಟಿನಲ್ಲಿ ತುಕ್ಕಿನ ಬಣ್ಣದ ಗೆರೆ ಕಂಡರೆ, ಗಾರೆ ಚಕ್ಕೆಯಾಗಿ ಬೀಳುತ್ತಿದ್ದರೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಊದಿಕೊಳ್ಳುತ್ತಿದೆ. ಅದರಡಿ ಮಲಗಬೇಡಿ, ಎಂಜಿನಿಯರಿಗೆ ತೋರಿಸಿ.

ಸೋರಿಕೆ ನಿಂತಿತು ಅನ್ನೋಣ. ಮರುವಾರವೇ ಪೇಂಟರನ್ನು ಕರೆಸಬೇಡಿ. ಗೋಡೆಯ 25 ಮಿಲಿಮೀಟರ್ ದಪ್ಪ ಒಣಗಲು ಒಂದು ತಿಂಗಳು ಎಂಬುದು ಕಟ್ಟಡ ಕೆಲಸದವರ ಅಂದಾಜು ಲೆಕ್ಕ. ಒಂಬತ್ತಿಂಚಿನ ಗೋಡೆ ಒಳಗಿನತನಕ ನೆನೆದಿದ್ದರೆ ಒಂಬತ್ತು ತಿಂಗಳಾಯಿತು. ಫ್ಯಾನು, ಗಾಳಿ, ಬಿಸಿಲು ಸಿಕ್ಕರೆ ಬೇಗ. ಉಬ್ಬಿದ್ದನ್ನೆಲ್ಲ ಕೆರೆದು ತೆಗೆದು ಬರಿಗೋಡೆ ಬಿಡಿ. ಮೇಲೆ ಬಂದ ಉಪ್ಪನ್ನು ಒಣ ಬ್ರಷ್‌ನಿಂದ ಉದುರಿಸಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಇಂಗುತ್ತದೆ. ನನ್ನ ಗೋಡೆ ಐದು ತಿಂಗಳು ಹಾಗೇ ಬೋಳಾಗಿತ್ತು. ಬಂದವರೆಲ್ಲ ಕೇಳುತ್ತಿದ್ದರು, ನಾನು ಕಾದೆ.

ಕೊನೆಗೆ ಅದೇ ಅಲ್ಯೂಮಿನಿಯಂ ಹಾಳೆ ಇನ್ನೊಮ್ಮೆ ಅಂಟಿಸಿ ನೋಡಿ. ಎರಡು ದಿನದ ಮೇಲೂ ಹಿಂಬದಿ ಒಣಗಿದ್ದರೆ ಪುಟ್ಟಿ, ಪ್ರೈಮರ್ ಕೊಡಿಸಿ. ಆಮೇಲೆ ಯಾವ ಬಣ್ಣ ಅಂದರೆ, ಒಳಗೋಡೆಗೆ ಸಾಮಾನ್ಯ ಎಮಲ್ಷನ್ ಸಾಕು.