ಪ್ರೋಬ್ ಹೇಳುವ ಮಿಲಿಮೀಟರನ್ನು ಎಷ್ಟು ನಂಬಬೇಕು?

ಹಲ್ಲು ಮತ್ತು ವಸಡಿನ ನಡುವಿನ ಸಂದಿನ, ಅಂದರೆ ಪಾಕೆಟ್ಟಿನ, ಆಳ ಅಳೆಯಲು ದಂತವೈದ್ಯರು ಇಳಿಸುವ ಗೆರೆಯುಳ್ಳ ಸಪೂರ ಕಡ್ಡಿಯೇ ವಸಡಿನ ಪ್ರೋಬ್. ಅದು ನಿಜಕ್ಕೂ ಪಾಕೆಟ್ಟಿನ ಆಳವನ್ನು ಹೇಳುವುದಿಲ್ಲ. ತನ್ನ ತುದಿ ಎಲ್ಲಿ ನಿಂತಿತು ಎಂಬುದನ್ನಷ್ಟೇ ಹೇಳುತ್ತದೆ. ವಸಡು ಆರೋಗ್ಯವಾಗಿದ್ದರೆ ಹಲ್ಲಿಗೆ ಅಂಟಿಕೊಂಡ ಎಪಿಥೀಲಿಯಂ ಪದರದಲ್ಲೇ ತುದಿ ತಡೆದು ನಿಲ್ಲುತ್ತದೆ. ಊದಿಕೊಂಡಿದ್ದರೆ ಆ ಪದರವನ್ನೂ ದಾಟಿ ಒಳಗಿನ ಅಂಗಾಂಶಕ್ಕೆ ನುಗ್ಗುತ್ತದೆ.

ಹಾಗಾಗಿ ಡೀಪ್ ಕ್ಲೀನಿಂಗ್ (ವಸಡಿನಡಿಯ ಬೇರನ್ನು ಶುಚಿಗೊಳಿಸುವುದು) ನಂತರ 6 ಮಿ.ಮೀ. ಇದ್ದದ್ದು 4ಕ್ಕೆ ಇಳಿದರೆ, ಅಷ್ಟೂ ವಸಡು ಬೇರಿಗೆ ಮತ್ತೆ ಅಂಟಿಕೊಂಡದ್ದು ಎಂದು ಹಿಗ್ಗುವಂತಿಲ್ಲ. ಒಂದಷ್ಟು ವಸಡಿನ ಅಂಚು ಹಿಂದೆ ಸರಿದದ್ದು, ಇನ್ನೊಂದಷ್ಟು ಗಟ್ಟಿಯಾದ ಅಂಗಾಂಶ ತುದಿಯನ್ನು ತಡೆದದ್ದು. ಎನಾಮೆಲ್ ಮತ್ತು ಬೇರು ಸೇರುವ ಗೆರೆಯಿಂದ ಅಂಚು ಎಷ್ಟು ಸರಿದಿದೆ ಎಂದೂ ಬರೆದಿಟ್ಟರೆ ಲೆಕ್ಕ ಬಯಲಾಗುತ್ತದೆ: ಪಾಕೆಟ್ 4, ಸರಿದದ್ದು 2 ಆದರೆ ಹಲ್ಲಿನ ಮೇಲೆ ವಸಡು ಕಳೆದುಕೊಂಡ ಹಿಡಿತ ಈಗಲೂ 6.

ಕೈ ಒತ್ತುವ ಬಲ 20ರಿಂದ 25 ಗ್ರಾಂ ಇರಬೇಕು. ಹೇಳುವುದು ಸುಲಭ. ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯ ಮೇಲೆ ತುದಿ ಊರಿ, ಅಂಕಿ ನೋಡದೆ 25 ಅನ್ನಿಸಿದಲ್ಲಿ ನಿಲ್ಲಿಸಿ; ಆಮೇಲೆ ಅಂಕಿ ನೋಡಿ. ತುದಿಯ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಬಲ ಅಷ್ಟೇ ಇದ್ದು ವ್ಯಾಸ 0.6ರಿಂದ 0.5 ಮಿ.ಮೀ.ಗೆ ಇಳಿದರೆ ಅಂಗಾಂಶದ ಮೇಲಿನ ಒತ್ತಡ ಶೇ. 44ರಷ್ಟು ಏರುತ್ತದೆ. ಒಬ್ಬರೇ ರೋಗಿಗೆ ಒಮ್ಮೆ ಒಂದು ಪ್ರೋಬ್, ಮುಂದಿನ ಸಲ ಮತ್ತೊಂದು ಬೇಡ ಅನ್ನುವುದು ಇದಕ್ಕೇ.

ಗೆರೆಗಳೂ ಒಂದೇ ತರಹ ಇರುವುದಿಲ್ಲ. ವಿಲಿಯಮ್ಸ್ ಪ್ರೋಬಿನಲ್ಲಿ 4 ಮತ್ತು 6ರ ಗೆರೆಯೇ ಇಲ್ಲ. ಚಿಕಿತ್ಸೆ ಬೇಕೋ ಬೇಡವೋ ಎಂದು ತೀರ್ಮಾನಿಸುವ ಜಾಗದಲ್ಲೇ ಕಣ್ಣಂದಾಜು! ಪ್ರತಿ ಮಿಲಿಮೀಟರಿಗೂ ಗೆರೆಯಿರುವ ಯುಎನ್‌ಸಿ-15 ಇಲ್ಲಿ ಮೇಲು. 0.5 ಮಿ.ಮೀ. ಗುಂಡು ತುದಿಯ, 3.5ರಿಂದ 5.5ರವರೆಗೆ ಕಪ್ಪು ಪಟ್ಟಿಯ ಡಬ್ಲ್ಯೂಎಚ್‌ಒ ಪ್ರೋಬ್ ಮೊದಲ ತಪಾಸಣೆಗೆ ಸಾಕು, ಪ್ರತಿ ಹಲ್ಲಿನ ಅಳತೆ ಬರೆದಿಡುವ ಪೂರ್ಣ ಚಾರ್ಟಿಗೆ ಸಾಲದು.

ತುದಿಯನ್ನು ಬೇರಿಗೆ ಒತ್ತಾಗಿ, ಹಲ್ಲಿನ ಉದ್ದಕ್ಕೆ ಸಮಾಂತರವಾಗಿ ಇಳಿಸಿ, ಪೂರ್ತಿ ಹೊರಗೆಳೆಯದೆ 1–2 ಮಿ.ಮೀ. ಹೆಜ್ಜೆ ಇಡುತ್ತಾ ಹಲ್ಲನ್ನು ಸುತ್ತಬೇಕು. ಪ್ರತಿ ಹಲ್ಲಿಗೆ ಆರು ಅಂಕಿ. ಹೆಚ್ಚು ತಪ್ಪುವುದು ಎರಡು ಹಲ್ಲುಗಳ ನಡುವೆ: ನೇರವಾಗಿಯೇ ಹಿಡಿದರೆ ಹಲ್ಲುಗಳು ತಾಗುವ ಬಿಂದುವಿನ ಅಡಿಯ ಜಾಗ ಸಿಗುವುದೇ ಇಲ್ಲ, ಆಳ ಕಡಿಮೆ ಬರುತ್ತದೆ. ಸುಮಾರು 10 ಡಿಗ್ರಿ ವಾಲಿಸಿ, ಎರಡೂ ಬದಿಯಿಂದ ನೋಡಿ. ಬೇರಿಗೆ ಕಚ್ಚಿದ ಕಲ್ಲು (ಗಟ್ಟಿಯಾದ ಪಾಚಿ) ತುದಿಯನ್ನು ಅರ್ಧದಲ್ಲೇ ನಿಲ್ಲಿಸಿದರೆ, ಗರಗರ ಎನ್ನುವ ಆ ತಡೆಯನ್ನು ತಳವೆಂದುಕೊಳ್ಳದೆ ತುದಿಯನ್ನು ಸ್ವಲ್ಪ ಹೊರಗೆ ಸರಿಸಿ ಮುಂದೆ ಇಳಿಸಬೇಕು. ಒಂದೇ ಬಲದಲ್ಲಿ ಒತ್ತುವ ಎಲೆಕ್ಟ್ರಾನಿಕ್ ಪ್ರೋಬ್ ದಶಮಾಂಶದವರೆಗೆ ಅಂಕಿ ಕೊಡುತ್ತದೆ ನಿಜ, ಆದರೆ ಈ ಸ್ಪರ್ಶ ಅದರಲ್ಲಿ ಮಂದವಾಗುತ್ತದೆ.

ಕೈಯಲ್ಲಿ ಅಳೆದಾಗ 1 ಮಿ.ಮೀ. ಆಚೀಚೆ ಸಹಜ. ಒಂದೇ ಜಾಗದಲ್ಲಿ 2 ಮಿ.ಮೀ. ಅಥವಾ ಹೆಚ್ಚು ಬದಲಾಗಿದ್ದರೆ ಮತ್ತೊಮ್ಮೆ ಅಳೆದು, ಅದೇ ಅಂಕಿ ಬಂದರೆ ನಂಬಿ. ಬಾಗಿದ ತುದಿ, ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತಗೊಳಿಸುವ ಆಟೋಕ್ಲೇವಿನಲ್ಲಿ ಬಣ್ಣ ಮಾಸಿದ ಪಟ್ಟಿ ಕಂಡರೆ ಆ ಪ್ರೋಬನ್ನು ಟ್ರೇಯಿಂದ ತೆಗೆದುಬಿಡಿ. ಹೊಸದನ್ನೂ ಒಮ್ಮೆ ಸ್ಟೀಲ್ ಸ್ಕೇಲಿನ ಪಕ್ಕದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿ.