ಪಿನ್ ಹೊಡೆಯುವ ದಿನ

ಪರ್ಯಾಯ ಕಾಮಿಕ್ಸ್, ಅಂದರೆ ದೊಡ್ಡ ಪ್ರಕಾಶಕರ ಹಂಗಿಲ್ಲದ ಚಿತ್ರಕಥೆ, ಮಾಡುವವರಿಗೆ ಕೊನೆಯ ಪುಟದ ಮಸಿ ಒಣಗಿದರೂ ಕೆಲಸ ಮುಗಿಯುವುದಿಲ್ಲ. ಬರೆದ ಕೈಯೇ ಅಚ್ಚು ಹಾಕಿ, ಮಡಚಿ, ಪಿನ್ ಹೊಡೆಯುವ ಒಂದು ದಿನ ಬಾಕಿ ಇರುತ್ತದೆ. ಕೆನಡಾದ ಕಾಮಿಕ್ಸ್ ಕಲಾವಿದೆ ಜೂಲಿ ಡೂಸೆ 1988ರಲ್ಲಿ ಶುರು ಮಾಡಿದ್ದು ಜೆರಾಕ್ಸ್ ಪುಸ್ತಿಕೆಯಿಂದಲೇ.

ಮೊದಲು ಡಮ್ಮಿ, ಅಂದರೆ ಖಾಲಿ ಹಾಳೆಯ ಮಾದರಿ ಪುಸ್ತಿಕೆ, ಮಾಡಿಕೊಳ್ಳಬೇಕು. ನಾಲ್ಕು ಎ4 ಹಾಳೆ ಒಟ್ಟಿಗೆ ಮಡಚಿದರೆ ಎ5 ಅಳತೆಯ 16 ಪುಟ. ಪೆನ್ಸಿಲಿನಲ್ಲಿ ಪುಟಸಂಖ್ಯೆ ಹಾಕಿ ಬಿಡಿಸಿ ನೋಡಿ: ಹೊರಗಿನ ಹಾಳೆಯ ಒಂದು ಮಗ್ಗುಲಲ್ಲಿ 16 ಮತ್ತು 1, ಹಿಂದೆ 2 ಮತ್ತು 15. ಅಕ್ಕಪಕ್ಕದ ಸಂಖ್ಯೆ ಕೂಡಿದಾಗ ಯಾವಾಗಲೂ 17 ಬರಬೇಕು. ಬರದಿದ್ದರೆ ಜೋಡಣೆ ತಪ್ಪಿದೆ ಎಂದೇ ಅರ್ಥ.

ಎ4ರಲ್ಲಿ ಬರೆದ ಚಿತ್ರ ಎ5ಕ್ಕೆ ಇಳಿದಾಗ ಶೇ 71 ಆಗುತ್ತದೆ. 0.3 ಮಿ.ಮೀ. ಗೆರೆ 0.2 ಆಸುಪಾಸಿಗೆ ಬಂದು ಅಲ್ಲಲ್ಲಿ ಕಡಿದುಹೋಗುತ್ತದೆ. ಮಾತಿನ ಗುಳ್ಳೆಯೊಳಗೆ ಇನ್ನೂ ಕಷ್ಟ: ಅಕ್ಷರ ಚಿಕ್ಕದಾದರೆ ಒತ್ತಕ್ಷರದ ಒಳಗಿನ ಬಿಳಿ ಜಾಗಕ್ಕೆ ಟೋನರ್ (ಜೆರಾಕ್ಸಿನ ಮಸಿಪುಡಿ) ತುಂಬಿಕೊಂಡು ಓದಲಾಗುವುದಿಲ್ಲ. ಆದ್ದರಿಂದ ಮೂಲದಲ್ಲೇ ಅಕ್ಷರ ದೊಡ್ಡದಾಗಿ, ಸಾಲುಗಳ ನಡುವೆ ಧಾರಾಳ ಜಾಗ ಬಿಟ್ಟು ಬರೆಯಬೇಕು. ಸ್ಕ್ಯಾನ್ 600 ಡಿಪಿಐಗೆ (ಇಂಚಿಗೆ 600 ಚುಕ್ಕೆ) ಕಡಿಮೆ ಬೇಡ. ನೀರು ಬೆರೆಸಿದ ಮಸಿಯ ಬೂದು ಛಾಯೆ ಜೆರಾಕ್ಸಿನಲ್ಲಿ ಕಲೆಕಲೆಯಾಗಿ ಬರುತ್ತದೆ; ನೆರಳಿಗೆ ಒತ್ತೊತ್ತಾದ ಗೆರೆಗಳೇ ವಾಸಿ.

ಎರಡೂ ಕಡೆ ಮುದ್ರಿಸುವಾಗ ಹಾಳೆ ಗಿಡ್ಡ ಅಂಚಿನ ಮೇಲೆ ತಿರುಗುವಂತೆ ಹೊಂದಿಸಿ, ಇಲ್ಲವಾದರೆ ಹಿಂದಿನ ಪುಟ ತಲೆಕೆಳಗು. ಒಂದೇ ಪ್ರತಿ ತೆಗೆದು, ಮಡಚಿ, ಮೊದಲಿಂದ ಕೊನೆವರೆಗೆ ಓದಿದ ಮೇಲೇ ಉಳಿದದ್ದಕ್ಕೆ ಕೈ ಹಾಕಿ. ಸುತ್ತಲೂ 5 ಮಿ.ಮೀ. ಖಾಲಿ ಬಿಟ್ಟಿರಬೇಕು, ಸಾಮಾನ್ಯ ಯಂತ್ರ ಅಂಚಿನವರೆಗೆ ಮುದ್ರಿಸುವುದಿಲ್ಲ. ಮಡಿಕೆಯ ಮೇಲೆ ಗಾಢ ಕಪ್ಪು ಬಂದರೆ ಟೋನರ್ ಬಿರಿದು ಉದುರುತ್ತದೆ. ಮುಖಪುಟ ಬರೆಯುವಾಗಲೇ ಇದು ನೆನಪಿರಲಿ.

ಪಿನ್ ಹೊಡೆಯಲು ಉದ್ದ ತೋಳಿನ ಸ್ಟೇಪ್ಲರ್ ಬೇಕು. ಮಾಮೂಲಿಯದು ಮಡಿಕೆಯವರೆಗೆ ಮುಟ್ಟುವುದಿಲ್ಲ. ಹೊರಗಿನಿಂದ ಎರಡು ಪಿನ್, ಕಾಲುಗಳು ಒಳಗೆ ಮಡಚಿಕೊಳ್ಳುವಂತೆ. ಈಗ ಮಡಚಿದರೆ ಒಳಹಾಳೆಗಳು ತುಸು ಹೊರಚಾಚುತ್ತವೆ. ಉಕ್ಕಿನ ಪಟ್ಟಿ ಒತ್ತಿಹಿಡಿದು, ಹೊಸ ಬ್ಲೇಡಿನಿಂದ ಹಗುರವಾಗಿ ಮೂರ್ನಾಲ್ಕು ಸಲ ಎಳೆದು ಅಂಚು ಕತ್ತರಿಸಿ. ಒಂದೇ ಏಟಿಗೆ ಕತ್ತರಿಸಹೊರಟರೆ ಪಟ್ಟಿ ಜಾರುತ್ತದೆ.

ಮೊದಲ ಸಲವೇ ರಾಶಿ ಪ್ರತಿ ಮಾಡಿ ಹಣ ಹೂಳಬೇಡಿ. ಅಮೆರಿಕದ ಕಾಮಿಕ್ಸ್ ಲೇಖಕ ಹಾರ್ವೆ ಪೀಕರ್ 1976ರಲ್ಲಿ ಸ್ವಂತ ದುಡ್ಡಿನಿಂದ ಕಾಮಿಕ್ಸ್ ಹೊರತರಲು ತೊಡಗಿದವರು, ಕ್ಲೀವ್‌ಲ್ಯಾಂಡ್ ಆಸ್ಪತ್ರೆಯ ಗುಮಾಸ್ತೆ ಕೆಲಸವನ್ನು 2001ರಲ್ಲಿ ನಿವೃತ್ತರಾಗುವವರೆಗೂ ಬಿಡಲಿಲ್ಲ. ಜೆರಾಕ್ಸಿನಲ್ಲಿ 50 ಮಾಡಿ, ಖಾಲಿಯಾದರೆ ಮತ್ತೆ 50. ಅದಕ್ಕಾಗಿ ಜೋಡಿಸಿದ ಫೈಲನ್ನೂ ಗುರುತು ಹಾಕಿದ ಡಮ್ಮಿಯನ್ನೂ ಜೋಪಾನವಾಗಿಡಿ.