ಅಂತ್ಯಕ್ರಿಯೆ ಯಾರಿಗೆ ಸಲ್ಲುತ್ತದೆ?

ತಾವೇ ಜೀವ ಕಳೆದುಕೊಂಡವರಿಗೆ ಚರ್ಚಿನಲ್ಲಿ ಬಲಿಪೂಜೆ (ಮಾಸ್) ಸಲ್ಲುತ್ತದೆಯೇ, ಅವರನ್ನು ಸಮಾಧಿಭೂಮಿಯೊಳಗೆ ಮಣ್ಣು ಮಾಡಬಹುದೇ ಎಂದು ನಮ್ಮ ಕಥೋಲಿಕ ಕುಟುಂಬಗಳಲ್ಲಿ ಈಗಲೂ ತಗ್ಗಿದ ದನಿಯಲ್ಲಿ ಕೇಳುವವರಿದ್ದಾರೆ. ಅವರು ಕೆಟ್ಟವರೇನಲ್ಲ, ಹಿರಿಯರು ಹೇಳಿದ್ದನ್ನು ನೆನಪಿಟ್ಟುಕೊಂಡವರು. ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರು ಸಾಯುವ ಮುನ್ನ ಪಶ್ಚಾತ್ತಾಪದ ಸೂಚನೆ ತೋರಿರದಿದ್ದರೆ ಅವರಿಗೆ ಧರ್ಮಸಭೆಯ ಅಂತ್ಯಕ್ರಿಯೆ ಇಲ್ಲವೆಂದು 1917ರ ಧರ್ಮಸಭಾ ಕಾನೂನು ಸಂಹಿತೆ ವಿಧಿಸಿತ್ತು. ಜೀವವು ದೇವರ ಕೊಡುಗೆ, ಅದರ ಒಡೆತನ ನಮ್ಮದಲ್ಲ ಎಂಬ ಬೋಧನೆಯೇ ಆ ನಿಯಮದ ಹಿಂದಿದ್ದದ್ದು. ಆದರೆ ಅದರ ಪೆಟ್ಟು ತಿನ್ನುತ್ತಿದ್ದವರು ಮನೆಯಲ್ಲಿ ಉಳಿದ ತಾಯಿ, ಹೆಂಡತಿ, ಮಕ್ಕಳು.

ಪೋಪ್ ಎರಡನೆಯ ಜಾನ್ ಪಾಲರು 1983ರಲ್ಲಿ ಹೊರಡಿಸಿದ ಹೊಸ ಸಂಹಿತೆಯ 1184ನೆಯ ವಿಧಿಯಲ್ಲಿ ಅಂತ್ಯಕ್ರಿಯೆ ನಿರಾಕರಿಸಬೇಕಾದವರ ಪಟ್ಟಿ ಇದೆ. ಆತ್ಮಹತ್ಯೆ ಮಾಡಿಕೊಂಡವರ ಹೆಸರು ಅದರಲ್ಲಿಲ್ಲ. ಸಂದೇಹ ಬಂದರೆ ಧರ್ಮಾಧ್ಯಕ್ಷರನ್ನು (ಬಿಷಪ್ಪರನ್ನು) ಕೇಳಬೇಕೆಂದೂ ಅಲ್ಲಿಯೇ ಹೇಳಿದೆ. ಅದರ ಹಿಂದಿನ ವಿಧಿ, ದೀಕ್ಷಾಸ್ನಾನ (ಬ್ಯಾಪ್ಟಿಸಂ) ಕೊಡಿಸಬೇಕೆಂದು ತಂದೆತಾಯಿ ಬಯಸಿದ್ದು ಅದಕ್ಕೆ ಮೊದಲೇ ತೀರಿಕೊಂಡ ಕೂಸಿಗೂ ಅಂತ್ಯಕ್ರಿಯೆ ನಡೆಸಲು ಧರ್ಮಾಧ್ಯಕ್ಷರು ಅನುಮತಿ ಕೊಡಬಹುದು ಎನ್ನುತ್ತದೆ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಆತ್ಮಹತ್ಯೆಯನ್ನು ಘೋರ ತಪ್ಪೆಂದೇ ಬೋಧಿಸುತ್ತಾ, ತೀವ್ರ ಮಾನಸಿಕ ಅಸ್ವಸ್ಥತೆ, ಯಾತನೆ ಹಾಗೂ ಭಯ ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವು, ಅಂಥವರ ನಿತ್ಯರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು ಎಂದು ಸೇರಿಸುತ್ತದೆ. ಬೋಧನೆಯನ್ನು ಸಡಿಲಿಸದೆಯೇ ಕರುಣೆಗೆ ಎಡೆ ಮಾಡಿಕೊಡಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತಿಳಿದಿಲ್ಲ.

ಇಂಥ ಚರ್ಚೆ ಬಂದಾಗಲೆಲ್ಲ ನಾವು ಯೇಸುವಿನ ಕಾಲದ ನಿಯಮನಿಷ್ಠ ಯೆಹೂದಿ ಪಂಗಡವಾದ ಫರಿಸಾಯರನ್ನು ಬೈದು ಸುಮ್ಮನಾಗುತ್ತೇವೆ, ಅದು ಅನ್ಯಾಯ. ಪ್ರಾಣಾಪಾಯವಿದ್ದಾಗ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನಂದು ಕೆಲಸ ಮಾಡಬಾರದೆಂಬ ನಿಯಮವನ್ನು ಬದಿಗಿಡಬೇಕೆಂಬುದನ್ನು ಯೆಹೂದಿ ಪರಂಪರೆಯೇ ಒಪ್ಪುತ್ತದೆ. ಮಾರ್ಕನ ಶುಭಸಂದೇಶದ ಮೂರನೆಯ ಅಧ್ಯಾಯದಲ್ಲಿ ಸಬ್ಬತ್ತಿನಂದು ಯೇಸುವಿಗೆ ಎದುರಾಗುವ ಬತ್ತಿದ ಕೈಯವನಿಗಾದರೋ ಪ್ರಾಣಾಪಾಯವೇನೂ ಇರಲಿಲ್ಲ. ಅವನು ಮರುದಿನದವರೆಗೆ ಕಾಯಬಹುದಿತ್ತು, ಆಗ ಯಾರ ಆಕ್ಷೇಪವೂ ಇರುತ್ತಿರಲಿಲ್ಲ. ಯೇಸು ಅವನನ್ನು ಕಾಯಿಸಲಿಲ್ಲ, ಎಲ್ಲರೂ ನೋಡುವಂತೆ ನಡುವೆ ನಿಲ್ಲಿಸಿ ಅಲ್ಲಿಯೇ ಗುಣಪಡಿಸಿದರು. ಲೂಕನು ಹೇಳುವ ನಡು ಬಾಗಿದ ಹೆಂಗಸು ಹದಿನೆಂಟು ವರ್ಷ ನರಳಿದವಳು. ಅವಳನ್ನೂ ಯೇಸು ಸಬ್ಬತ್ತಿನಂದೇ ಗುಣಪಡಿಸಿದಾಗ ಸಭಾಮಂದಿರದ ಅಧ್ಯಕ್ಷ ಕೇಳಿದ್ದು, ವಾಸಿಮಾಡಿಸಿಕೊಳ್ಳಲು ವಾರದಲ್ಲಿ ಬೇರೆ ಆರು ದಿನಗಳಿಲ್ಲವೇ ಎಂದು. ನಿಯಮವನ್ನು ಹಿಡಿದವರ ಮಾತು ಹೆಚ್ಚಾಗಿ ಹೀಗೆಯೇ ತರ್ಕಬದ್ಧವಾಗಿರುತ್ತದೆ. ನರಳುವವರ ಒಂದು ದಿನ ಎಷ್ಟು ಉದ್ದವೆಂಬ ಲೆಕ್ಕ ಮಾತ್ರ ಅದರಲ್ಲಿರುವುದಿಲ್ಲ.

ಅಂತ್ಯಕ್ರಿಯೆಯನ್ನು ಸಲೀಸು ಮಾಡಿದರೆ ಆತ್ಮಹತ್ಯೆಯ ಭಯವೇ ಹೋಗುತ್ತದೆ ಎಂಬ ವಾದವನ್ನು ವಿದ್ಯಾವಂತರ ಬಾಯಲ್ಲೂ ಕೇಳಿದ್ದೇನೆ. ತಡೆಯಬೇಕೆಂಬ ಕಾಳಜಿ ನಿಜವಾಗಿದ್ದರೆ ಅದನ್ನು ತೋರಿಸಬೇಕಾದದ್ದು ಮನುಷ್ಯ ಬದುಕಿರುವಾಗ: ಬಲಿಪೂಜೆಗೆ ಬರುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದವರ ಮನೆಗೆ ಹೋಗಿ ವಿಚಾರಿಸಬೇಕು, ಸಾಲದಲ್ಲಿ ಸಿಕ್ಕಿಕೊಂಡವರ ಮಾತಿಗೆ ಕಿವಿಗೊಡಬೇಕು, ಮನೋವೈದ್ಯರ ಬಳಿಗೆ ಹೋಗುವುದು ವಿಶ್ವಾಸದ ಕೊರತೆಯಲ್ಲವೆಂದು ಪ್ರಬೋಧನೆಯಲ್ಲಿಯೇ ಹೇಳಬೇಕು. ಮನೆಮನೆಗೆ ಭೇಟಿ ಕೊಡುವ ವಿನ್ಸೆಂಟ್ ದ ಪಾಲ್ ಸಂಘದಂಥ ವ್ಯವಸ್ಥೆ ಅನೇಕ ಧರ್ಮಕೇಂದ್ರಗಳಲ್ಲಿ ಈಗಾಗಲೇ ಇದೆ.

ಧರ್ಮಗುರುಗಳು ಅನುಮತಿ ಕೊಟ್ಟ ಮೇಲೂ ನೆರೆಹೊರೆಯವರು ದೂರ ನಿಲ್ಲುವುದುಂಟು. ಅಂತ್ಯಕ್ರಿಯೆಯ ದಿನ ಕುತೂಹಲಕ್ಕಾದರೂ ಜನ ಸೇರುತ್ತಾರೆ. ತೀರಿಕೊಂಡ ತಿಂಗಳಿಗೆ ನಡೆಯುವ ಪೂಜೆಯ ಹೊತ್ತಿಗೆ ಮನೆಯವರಷ್ಟೇ ಉಳಿದಿರುತ್ತಾರೆ. ಆ ಪೂಜೆಗೆ ಹೋಗಲು ಯಾವ ಧರ್ಮಾಧ್ಯಕ್ಷರ ಅಪ್ಪಣೆಯೂ ಬೇಕಿಲ್ಲ.